ತುಳುಕದ ಬಟ್ಟಲು

ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ಇಲ್ಲಿ ಅವರು ಬರೀ ಮಾವ. ನಮ್ಮೂರಾದ ಶು ರೈಲು ಜಂಕ್ಷನ್ನಿನಲ್ಲಿ ನಲವತ್ತು ವರ್ಷ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿದ್ದವರು. ಕೈಗೆ ಗಡಿಯಾರ ಕಟ್ಟಿದವರಲ್ಲ. ಹಳಿಯ ಪಕ್ಕದ ಹಳೇ ಮನೆಯಲ್ಲಿ ಮಲಗಿದಲ್ಲಿಂದಲೇ ಯಾವ ಗಾಡಿ, ಎಷ್ಟು ಗಂಟೆ, ಎಷ್ಟು ಡಬ್ಬಿ ಎಂದು ಹೇಳುತ್ತಿದ್ದರು. ಅವರ ಲೆಕ್ಕ ತಪ್ಪಿದ್ದನ್ನು ನಾನು ಕಂಡಿಲ್ಲ. ಹಾಗೆಂದು ದಿನಕ್ಕೆರಡು ಸಲ ಅವರೇ ನೆನಪಿಸುತ್ತಿದ್ದರು.

ಆ ಹಳೇ ಮನೆಯೇ ನನ್ನ ಮೈದುನ ಎರ್ಮುರಾತನ ಮದುವೆಗೆ ಕಲ್ಲು ಹಾಕಿದ್ದು. ವಸಂತದಲ್ಲಿ ಹುಡುಗಿಯ ತಂದೆ ತುರ್ಲಿಬೆಕ್ ನಮ್ಮಲ್ಲಿಗೆ ಬಂದಿದ್ದರು. ಹುಲ್ಲುಗಾವಲಿನಲ್ಲಿ ಕುದುರೆ ಸಾಕುವ ಮನುಷ್ಯ. ಅವರು ಊಟಕ್ಕೆ ಕೂತ ಹೊತ್ತಿಗೆ ಸರಿಯಾಗಿ ಕಲ್ಲಿದ್ದಲಿನ ಗೂಡ್ಸ್ ಬಂತು. ತಟ್ಟೆಯಲ್ಲಿ ಗೋಪುರ ಕಟ್ಟಿದ್ದ ಬೌರ್ಸಾಕು ಎಂಬ ಕರಿದ ಹಿಟ್ಟಿನ ಉಂಡೆಗಳೆಲ್ಲ ಉರುಳಿ ಅವರ ಮಡಿಲು ಸೇರಿದವು. ಗೋಡೆಯ ಮೇಲಿದ್ದ ಮಾವನ ತಂದೆಯ ಫೋಟೋ ನೇರವಾಗಿ ಮಾಂಸದ ಪರಾತಕ್ಕೆ ಬಿತ್ತು.

"ನನ್ನ ಮಗಳನ್ನ ಕುದುರೆ ಮೇಲೆ ಕೂರಿಸಿ ಬೆಳೆಸಿದೀನಿ, ನಿಜ," ಎಂದರು ತುರ್ಲಿಬೆಕ್, ಮೀಸೆಗೆ ಸಿಡಿದ ಸಾರು ಒರೆಸಿಕೊಳ್ಳುತ್ತಾ. "ಆದ್ರೆ ಮಲಗಿಸ್ತಿದ್ದದ್ದು ನೆಲದ ಮೇಲೆ. ಕುಣಿಯೋ ಮನೆಗೆ ಅವಳನ್ನ ಕೊಡಲ್ಲ."

ಎರ್ಮುರಾತ್ ಕಟ್ಟಡ ಕೆಲಸದವನು. ನಮಗೆ ಇದ್ದದ್ದು ಹಳಿಯ ಪಕ್ಕದ ಆ ಒಂದೇ ಜಾಗ. ಅಲ್ಲೇ ಹೊಸ ಮನೆ ಎಬ್ಬಿಸಿದ. ಅಡಿಪಾಯದ ಕೆಳಗೆ ದಪ್ಪ ರಬ್ಬರ್ ಹಾಸಿದ. ಒಂದು ಗೋಡೆಯ ಒಳಗೆ ಇನ್ನೊಂದು ಗೋಡೆ, ಒಂದಕ್ಕೊಂದು ತಾಗದ ಹಾಗೆ. ನಡುವೆ ಉಣ್ಣೆಯಂಥದ್ದನ್ನು ತುಂಬಿದ. ಕಿಟಕಿಗೆ ಮೂರು ಪದರ ಗಾಜು, ಬಾಗಿಲಿನ ಸುತ್ತ ಸಂದಿಯಿಲ್ಲದಂತೆ ರಬ್ಬರ್ ಪಟ್ಟಿ. ಮಾವ ದಿನಾ ಬೆನ್ನ ಹಿಂದೆ ಕೈಕಟ್ಟಿ ಮನೆಗೆ ಸುತ್ತು ಹಾಕುತ್ತಿದ್ದರು.

"ಮನೆಗೂ ಬೂಟು ತೊಡಿಸ್ತಿದಾನೆ ನೋಡಮ್ಮ. ನಾಳೆ ಟೋಪಿನೂ ಹೊಲಿಸ್ತಾನೆ."

"ಅಪ್ಪಾ, ದಮ್ಮಯ್ಯ, ಆ ಎರಡು ಗೋಡೆ ಸೇರಿಸಿ ಒಂದು ಮೊಳೆನೂ ಹೊಡೀಬೇಡಿ. ಅಷ್ಟು ಸಾಕು, ಅದುರು ಒಳಗೆ ಬಂದುಬಿಡುತ್ತೆ," ಎಂದು ಎರ್ಮುರಾತ್ ಅಂಗಲಾಚುತ್ತಿದ್ದ.

ಅಕ್ಟೋಬರಿನಲ್ಲಿ ತುರ್ಲಿಬೆಕ್ ಮತ್ತೆ ಬಂದರು. ಈ ಸಲವೂ ಮನಸ್ಸು ಒಪ್ಪದಿದ್ದರೆ ಮಗಳಿಗೆ ಬೇರೆ ಕಡೆ ನೋಡುತ್ತೇನೆ ಎಂದು ಹೇಳಿಯೇ ಬಂದಿದ್ದರು. ಎರ್ಮುರಾತನಿಗೆ ಎರಡು ದಿನದಿಂದ ಅನ್ನ ನೀರು ಸೇರಿರಲಿಲ್ಲ. ನನಗೂ ಸಂಕಟವಾಗುತ್ತಿತ್ತು, ಒಳ್ಳೆಯ ಹುಡುಗ. ಬೀಗರು ವಾಪಸು ಹೋಗಬೇಕಾದ ರೈಲು ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ. ಅದು ಬಿಟ್ಟರೆ ಮರುದಿನವೇ.

"ಹೊತ್ತಿನ ಯೋಚನೆ ಬಿಡಿ ಬೀಗರೇ," ಎಂದರು ಮಾವ. "ನನ್ನ ಕಿವಿ ಇದೆಯಲ್ಲ."

ಊಟ ಸುಸೂತ್ರವಾಗಿ ಮುಗಿಯಿತು. ಚಹಾಕ್ಕೆ ನಾನು ನೀರು ಕುದಿಯುವ ಸಮೋವಾರಿನ ಪಕ್ಕ, ಕಿಟಕಿಗೆ ಮುಖ ಮಾಡಿ ಕೂತೆ. ಗಂಡಸರು ಮೂವರೂ ಕಿಟಕಿಗೆ ಬೆನ್ನು ಹಾಕಿ ಕೂತಿದ್ದರು. ನಮ್ಮಲ್ಲಿ ಅತಿಥಿಗೆ ಅರ್ಧ ಬಟ್ಟಲು ಚಹಾ ಕೊಡುವುದೇ ಮರ್ಯಾದೆ. ಇನ್ನೂ ಕೂರಿ, ಮತ್ತೆ ಹಾಕುತ್ತೇನೆ ಎಂದರ್ಥ. ಅಂಚಿನವರೆಗೆ ತುಂಬಿಸಿಕೊಟ್ಟರೆ, ಕುಡಿದು ಜಾಗ ಖಾಲಿ ಮಾಡಿ ಎಂದರ್ಥ.

ಮಾವ ನನ್ನ ಕಿವಿಯ ಹತ್ತಿರ ಬಾಗಿದರು. "ಈಗ ಗೂಡ್ಸ್ ಬರೋ ಹೊತ್ತು. ಬೀಗರ ಬಟ್ಟಲು ಪೂರ್ತಿ ತುಂಬಿಸು. ಒಂದು ತೊಟ್ಟೂ ತುಳುಕಲ್ಲ ಅಂತ ಅವರೇ ಕಣ್ಣಾರೆ ನೋಡಲಿ."

"ಪೂರ್ತಿ ತುಂಬಿಸಿದ್ರೆ ಅವರು ಏನಂದ್ಕೊ..."

"ಹೇಳಿದಷ್ಟು ಮಾಡು."

ಹೇಳಿದಷ್ಟೇ ಮಾಡಿದೆ. ಬೀಗರ ಮುಂದೆ ತುಂಬಿದ ಬಟ್ಟಲಿಟ್ಟು ಬಾಯಿ ಮುಚ್ಚಿ ಕೂತೆ.

ಮಾವ ಬಟ್ಟಲನ್ನೇ ನೋಡುತ್ತಾ ಕೂತರು. ಎರ್ಮುರಾತನೂ ಅದನ್ನೇ ನೋಡಿದ. ತುರ್ಲಿಬೆಕ್ ಬಟ್ಟಲು ನೋಡಿದರು, ಅದನ್ನೇ ದಿಟ್ಟಿಸುತ್ತಿದ್ದ ಅಪ್ಪ ಮಗನನ್ನು ನೋಡಿದರು. ಅವರ ಕಿವಿ ನಿಧಾನವಾಗಿ ಕೆಂಪಾಯಿತು. ಕಿಟಕಿಯಾಚೆ ಗೂಡ್ಸ್ ಡಬ್ಬಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ನಾನು ಎಣಿಸಿದೆ, ಐವತ್ತೆಂಟು. ಹೇಳಿದಷ್ಟು ಮಾಡು ಎಂದವರಿಗೆ ನಾನೇಕೆ ಹೇಳಲಿ?

"ಇವತ್ತು ಗೂಡ್ಸ್ ತಡ," ಎಂದು ಮಾವ ಗೊಣಗಿದರು. "ಬೀಗರೇ, ಸ್ವಲ್ಪ ತಾಳಿ."

"ಇನ್ನೇನು ತಾಳೋದು, ಅರ್ಥ ಆಯ್ತಲ್ಲ." ತುರ್ಲಿಬೆಕ್ ಆ ಸುಡುವ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಬಟ್ಟಲು ಕವುಚಿದರು. ಕಣ್ಣಲ್ಲಿ ನೀರು ಬಂದಿತ್ತು. "ಎದ್ದು ಹೋಗು ಅಂತ ಬಾಯಲ್ಲೇ ಹೇಳಬಹುದಿತ್ತು. ನಾನು ರೈಲಿಗೆ ಹೊರಟೆ."

"ಅಯ್ಯೋ ಕೂತ್ಕೊಳಿ, ನಿಮ್ಮ ರೈಲು ಸ್ಟೇಷನ್ನಿಗೇ ಬಂದಿಲ್ಲ. ನನ್ನ ಕಿವಿಗೆ ಬೀಳದೆ ಅದೆಲ್ಲಿ ಹೋಗುತ್ತೆ?"

ಎರ್ಮುರಾತನ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. ಅದನ್ನು ನೋಡಿ ನನ್ನ ಮುನಿಸು ಇಳಿಯಿತು. ಅಷ್ಟರಲ್ಲಿ ಕಿಟಕಿಯಾಚೆ ನೀಲಿ ಡಬ್ಬಿಗಳು ಕಾಣಿಸಿದವು.

"ಮಾವ, ಗೂಡ್ಸ್ ಆಗಲೇ ಹೋಯ್ತು," ಎಂದೆ. "ಅಲ್ಲಿ ಹೋಗ್ತಿರೋದು ಬೀಗರ ರೈಲು."

ಎರ್ಮುರಾತ್ ಹಾರಿ ಬಾಗಿಲು ತೆಗೆದ. ಗಡಗಡ ಸದ್ದು ಮನೆಯೊಳಗೆ ನುಗ್ಗಿತು. ತುರ್ಲಿಬೆಕ್ ಹೋಗಿ ಬಾಗಿಲು ಮುಚ್ಚಿದರು. ಸಮೋವಾರಿನ ಸಣ್ಣ ಕುದಿ ಬಿಟ್ಟರೆ ಏನೂ ಕೇಳಲಿಲ್ಲ. ತೆಗೆದರು, ಗಡಗಡ. ಮುಚ್ಚಿದರು, ಇಲ್ಲ. ಕೊನೆಯ ಡಬ್ಬಿ ಮರೆಯಾಗುವವರೆಗೂ ಅದೇ ಕೆಲಸ.

"ಮತ್ತೆ ಆ ತುಂಬಿದ ಬಟ್ಟಲು?" ಎಂದು ತುರ್ಲಿಬೆಕ್ ಕೇಳಿದರು.

"ಗೂಡ್ಸ್ ಹೋದ್ರೂ ತುಳುಕಲ್ಲ ಅಂತ ತೋರಿಸೋಕೆ," ಎಂದೆ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕುದುರೆಗಳ ಹಾಲು ಕರೆಯುವ ಹೊತ್ತು ತಪ್ಪಿತೆಂದು ಮಾವನನ್ನು ಮನಸಾರೆ ಬೈದರು, ಬೈದು ಮತ್ತೆ ನಕ್ಕರು. ಮಾವ ಮಾತ್ರ ನಗಲಿಲ್ಲ. ಎರಡು ರೈಲು ಅವರಿಗೆ ಹೇಳದೆ ಕೇಳದೆ ಹೋಗಿದ್ದವು. ಕಿವಿ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಪಾಪ ಅನಿಸಿತು.

"ಇಲ್ಲಿ ನನ್ನ ಮಗಳಿಗೆ ನಿದ್ದೆ ಬರುತ್ತೆ," ಎಂದರು ತುರ್ಲಿಬೆಕ್, ಮತ್ತೆ ಬಂದು ಕೂರುತ್ತಾ. "ಬಳುವಳಿ ಜೊತೆ ಒಂದು ಗೋಡೆ ಗಡಿಯಾರನೂ ಕಳಿಸ್ತೀನಿ, ಈ ಬೀಗರಿಗೆ."

"ಅದಕ್ಕೆ ಯಾವ ಗೋಡೆಗಪ್ಪ ಮೊಳೆ ಹೊಡೀಲಿ?" ಎಂದು ಮಾವ ಸಣ್ಣ ದನಿಯಲ್ಲಿ ಮಗನನ್ನು ಕೇಳಿದರು.

ಎರ್ಮುರಾತ್ ಗೋಡೆಗೆ ತಿರುಗಿ ಕಣ್ಣೊರೆಸಿಕೊಳ್ಳುತ್ತಿದ್ದ. ತುರ್ಲಿಬೆಕ್ ಕವುಚಿದ್ದ ಬಟ್ಟಲನ್ನು ನೆಟ್ಟಗೆ ಮಾಡಿ ನನ್ನತ್ತ ಚಾಚಿದರು. ನಾನು ಅರ್ಧಕ್ಕಿಂತ ಒಂದು ಗುಟುಕು ಕಡಿಮೆಯೇ ಹಾಕಿದೆ.