ಮುಕೂರುವಿನ ಹಾಸಿಗೆ

ಮೂರು ವಾರಗಳಲ್ಲಿ ಕ್ಯಾರಿಕುಂದ ನಾಲ್ಕು ಸಲ ರಾಷ್ಟ್ರೀಯ ಉದ್ಯಾನದ ಕಚೇರಿಯ ಬಾಗಿಲಲ್ಲಿ ನಿಂತು ಬಂದಿದ್ದಳು. ಐದನೆಯ ಸಲ ಅಧಿಕಾರಿ ಸೋತ. ಒಳಹೋಗುವ ಚೀಟಿ ಬರೆದುಕೊಟ್ಟು, ಕೆಮ್ಮು ನೆಗಡಿ ಇದ್ದರೆ ಈಗಲೇ ಹೇಳಬೇಕು, ಗೊರಿಲ್ಲಾಗಳಿಗೆ ಅಂಟುತ್ತದೆ ಎಂದ. ಇಲ್ಲ ಎಂದಳು. ನಿಜಕ್ಕೂ ಇರಲಿಲ್ಲ. ಅದು ಬಾರದಿರಲೆಂದೇ ವಾರದಿಂದ ಮೊಮ್ಮಕ್ಕಳನ್ನು ಹತ್ತಿರ ಸೇರಿಸಿರಲಿಲ್ಲ.

ಕಾಡಂಚಿನಲ್ಲೇ ಹುಟ್ಟಿ ಬೆಳೆದ ಅವಳು ಚೀಟಿ ಹಿಡಿದು ಕಾಡಿನೊಳಗೆ ಹೋಗುತ್ತಿದ್ದುದು ಇದೇ ಮೊದಲು. ಜೊತೆಗೆ ಅವಳ ತೀರಿಹೋದ ಅಕ್ಕನ ಮಗ ಕಮಾರ. ಗೊರಿಲ್ಲಾಗಳ ಜಾಡು ಹಿಡಿಯುವುದು ಅವನ ಕೆಲಸ. ಹಿಂದೆ ಬಂದೂಕು ಹೊತ್ತ ಕಾವಲುಗಾರನೊಬ್ಬ ಮಾತಿಲ್ಲದೆ ಬರುತ್ತಿದ್ದ.

"ಚಿಕ್ಕಮ್ಮ, ಇವನ್ನ ನೋಡೋಕೆ ಜನ ಸಮುದ್ರ ದಾಟಿ ಬರ್ತಾರೆ. ನೀನು ಹಿತ್ತಲಲ್ಲೇ ನೋಡಿದೀಯ. ಈ ವಯಸ್ಸಲ್ಲಿ ಈ ಇಳಿಜಾರು ಬೇಕಿತ್ತಾ?"

"ನನ್ನ ವಯಸ್ಸು ನಾನು ಹೊತ್ಕೊಂಡು ಬರ್ತೀನಿ. ನೀನು ನಡಿ."

ಅವಳಿಗೆ ಬೇಕಿದ್ದದ್ದು ಒಂದೇ ಒಂದು ಮರಿ. ಮೂರು ವಾರದ ಹಿಂದೆ ಗೊರಿಲ್ಲಾ ಗುಂಪು ಅವಳ ಬಾಳೆತೋಟಕ್ಕೆ ನುಗ್ಗಿತ್ತು. ಆಗಷ್ಟೇ ಗೊನೆ ಹಾಕಿದ ಗಿಡಗಳು. ಅವಳು ಸೀಮೆಎಣ್ಣೆ ಡಬ್ಬ ತೆಗೆದುಕೊಂಡು ಒಂದೇ ಸಮನೆ ಬಡಿದಳು. ಉಳಿದವು ಕಾಡಿಗೆ ಓಡಿದವು. ಒಂದು ಹೆಣ್ಣು ಮಾತ್ರ ಬೆದರಿ, ಮರಿಯನ್ನು ಬೆನ್ನಿಗೇರಿಸಿಕೊಂಡು ತೋಟದಂಚಿನ ಮರ ಹತ್ತಿತು. ಕೊಂಬೆ ಮುರಿದು ಕೆಳಗೆ ಬಿದ್ದು ಸತ್ತಿತು. ಮರಿ ತಾಯಿಯ ಮೈಮೇಲೆಯೇ ಬಿದ್ದು ಉಳಿಯಿತು. ಜನ ಓಡಿ ಬಂದಾಗ ಒಂಟಿಯಾಗಿ ಪೊದೆಯೊಳಗೆ ನುಸುಳಿತು. ಹೆಣ್ಣು ತಾನಾಗಿಯೇ ಬಿದ್ದು ಸತ್ತಿತೆಂದು ಊರು ನಂಬಿತ್ತು. ಡಬ್ಬದ ಮಾತನ್ನು ಕ್ಯಾರಿಕುಂದ ಯಾರಿಗೂ ಹೇಳಿರಲಿಲ್ಲ. ಆ ಮರಿ ಬದುಕಿದೆಯೋ ಇಲ್ಲವೋ ತಿಳಿಯದೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ.

ಅಂದಿನಿಂದ ಗುಂಪು ಕಡಿದಾದ ಕಣಿವೆ ಸೇರಿ ಯಾರನ್ನೂ ಹತ್ತಿರ ಬಿಟ್ಟುಕೊಂಡಿರಲಿಲ್ಲ. ಕಮಾರನಿಗೆ ಸಿಗುತ್ತಿದ್ದದ್ದು ರಾತ್ರಿ ಅವು ಮಲಗಿ ಎದ್ದುಹೋದ ಸೊಪ್ಪಿನ ಹಾಸಿಗೆಗಳು ಮಾತ್ರ. ಅವನ್ನು ಎಣಿಸಿ, ಅವುಗಳಲ್ಲಿನ ಲದ್ದಿ ನೋಡಿ ಯಾರು ಇದ್ದಾರೆ, ಯಾರು ಇಲ್ಲ ಎಂದು ಅವನು ಹೇಳುತ್ತಿದ್ದ.

ಎರಡು ಗಂಟೆ ಇಳಿದ ಮೇಲೆ ಆ ದಿನದ ಹಾಸಿಗೆಗಳು ಸಿಕ್ಕವು. ಏಳು.

"ಮೊದಲು ಎಂಟಿತ್ತು. ತಾಯಿದು ಹೋಯ್ತು. ಮರಿ ಸ್ವಂತ ಹಾಸಿಗೆ ಮಾಡೋವಷ್ಟು ದೊಡ್ಡದಲ್ಲ. ಇದ್ದಿದ್ರೆ ಬೇರೆ ಹೆಣ್ಣುಗಳ ಜೊತೆ ಮಲಗಬೇಕಿತ್ತು. ಅವುಗಳ ಮೂರು ಹಾಸಿಗೆನೂ ದಿನಾ ಕೆದಕಿ ನೋಡಿದೀನಿ, ಚಿಕ್ಕ ಲದ್ದಿ ಇಲ್ಲ." ಅವನ ದನಿ ಮೆತ್ತಗಾಯಿತು. "ಅದು ಹೋಗಿದೆ ಚಿಕ್ಕಮ್ಮ. ವಾಪಸ್ ಹೋಗೋಣ."

ಅವಳು ಕೋಲಿನ ಮೇಲೆ ಭಾರ ಬಿಟ್ಟು ಹಾಸಿಗೆಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ, ಎಲ್ಲಕ್ಕಿಂತ ದೊಡ್ಡ ಹಾಸಿಗೆ ಯಾರದೆಂದು ಕೇಳಿದಳು. ಅದು ಗುಂಪಿನ ಬೆಳ್ಳಿಬೆನ್ನಿನ ಗಂಡಿನದು. ಮುಕೂರು, ಅಂದರೆ ಹಿರಿಯ, ಎಂದೇ ಅದನ್ನು ಕರೆಯುತ್ತಿದ್ದರು. ಅಷ್ಟು ಅಗಲದ ಹಾಸಿಗೆ, ಸೊಪ್ಪಿನ ತುಂಬ ಬಿಳಿ ಕೂದಲು. ಯಾರದೆಂದು ಎದ್ದು ಕಾಣುತ್ತಿದ್ದುದರಿಂದ ಅದನ್ನು ಯಾರೂ ಕೆದಕುತ್ತಿರಲಿಲ್ಲ.

"ನಿನ್ನ ಅಮ್ಮ ಹೋದಾಗ ನೀನು ಯಾರ ಹತ್ರ ಮಲಗ್ತಿದ್ದೆ?"

"ತಾತನ ಹತ್ರ."

"ಮನೇಲಿ ಮೂರು ಜನ ಹೆಂಗಸರಿದ್ವಿ. ನಿನ್ನನ್ನ ಎತ್ಕೊಳ್ಳೋಕೆ ಹೋದ್ರೆ ನನ್ನ ಕೈ ಕಚ್ಚಿದ್ದೆ."

ಕಮಾರ ಮಂಡಿಯೂರಿ ಕಡ್ಡಿಯಿಂದ ಆ ದೊಡ್ಡ ಹಾಸಿಗೆಯ ಸೊಪ್ಪು ಸರಿಸಿದ. ಅಂಗೈ ತುಂಬುವಷ್ಟು ದೊಡ್ಡ ಉಂಡೆಗಳು. ಅವುಗಳ ಕೆಳಗೆ ಚಪ್ಪಟೆಯಾಗಿ ಹೋದ, ಹೆಬ್ಬೆರಳಿನಷ್ಟೇ ದಪ್ಪದ ಇನ್ನೆರಡು. ಅವನ ಕಡ್ಡಿ ಅಲ್ಲೇ ನಿಂತಿತು. ಇದು ಮರಿಯದೇ, ನಿನ್ನೆ ರಾತ್ರಿಯದು, ಇನ್ನೂ ಒಣಗಿಲ್ಲ ಎಂದ.

ಇಷ್ಟು ಸಾಕಲ್ಲವೇ, ಮುಂದಿನ ದಾರಿ ತೀರಾ ಜಾರು ಎಂದೂ ಹೇಳಿ ನೋಡಿದ. ಅವಳು ಆಗಲೇ ಮುಖಗವಸು ಏರಿಸಿ ಮುರಿದ ಸೊಪ್ಪಿನ ಜಾಡಿನಲ್ಲಿ ಇಳಿಯತೊಡಗಿದ್ದಳು. ಎರಡು ಸಲ ಜಾರಿದಳು. ಮೊಣಕೈ ತರಚಿತು. ಕೈಕೊಡಲು ಬಂದ ಕಾವಲುಗಾರನಿಗೆ ಬೇಡವೆಂದು ತಲೆಯಾಡಿಸಿದಳು.

ಹಳ್ಳದಾಚೆ ಮುಕೂರು ಕೂತು ದಂಟು ಸಿಪ್ಪೆ ಸುಲಿಯುತ್ತಿದ್ದ. ಒಂಟಿಯಾಗಿಯೇ ಕಂಡ. ಅವಳು ಅವನ ಮೈಯನ್ನು ತಲೆಯಿಂದ ಪಾದದವರೆಗೆ ನೋಡಿದಳು, ಮತ್ತೆ ನೋಡಿದಳು. ಕಂಕುಳ ಕೆಳಗಿನಿಂದ ಒಂದು ಪುಟ್ಟ ಕೈ ಹೊರಬಂತು, ಸುಲಿದ ದಂಟನ್ನು ಕಿತ್ತುಕೊಂಡು ಒಳಹೋಯಿತು. ಮುಕೂರು ಇನ್ನೊಂದು ದಂಟು ಮುರಿದ.

ಉದ್ಯಾನದ ನಿಯಮದಂತೆ ಅವರಿಗೆ ಸಿಕ್ಕ ಒಂದು ಗಂಟೆಯಲ್ಲಿ ಅವಳು ಕಣ್ಣು ಕದಲಿಸಲಿಲ್ಲ.

ವಾಪಸು ಏರುವಾಗ ಕಮಾರ ತಮಾಷೆ ಮಾಡಿದ. "ಗುಂಪು ಮತ್ತೆ ಊರ ಕಡೆಗೇ ಮುಖ ಮಾಡಿದೆ ಚಿಕ್ಕಮ್ಮ. ನಾಡಿದ್ದು ನಿನ್ನ ಬಾಳೆಗೇ ಬರುತ್ತೆ. ಏನು ಮಾಡ್ತೀಯ, ಊಟಕ್ಕೆ ಹಾಕ್ತೀಯ?"

"ಓಡಿಸ್ತೀನಿ. ನನ್ನ ಬಾಳೆ ಅದು." ಅವಳು ಏದುಸಿರು ಸುಧಾರಿಸಿಕೊಂಡಳು. "ನಿಮ್ಮ ಉದ್ಯಾನದೋರ ಹಾಗೆ ಹಿಂದೆ ಹಿಂದೆ ನಿಧಾನಕ್ಕೆ ನಡ್ಕೊಂಡು ಓಡಿಸ್ತೀನಿ. ಅದನ್ನ ನನಗೆ ಹೇಳಿಕೊಡು. ಡಬ್ಬ ಇನ್ನು ಬಡಿಯಲ್ಲ. ಅವತ್ತು ನಾನು ಬಡಿದಿದ್ದಕ್ಕೇ ಆ ತಾಯಿ ಬೆದರಿ ಮರ ಹತ್ತಿದ್ದು."

ಕಮಾರ ನಿಂತು ತಿರುಗಿ ನೋಡಿದ. ಅವಳು ನೋಟ ತಪ್ಪಿಸಲಿಲ್ಲ. ಅವನು ಅವಳ ಕೈಯಿಂದ ಕೋಲು ತೆಗೆದುಕೊಂಡು ಭುಜಗಳ ಮಟ್ಟಕ್ಕೆ ಅಡ್ಡ ಹಿಡಿದ.

"ಮೊದಲು ಕೋಲು ಹೀಗಿರಬೇಕು," ಎಂದ. "ಮೇಲಕ್ಕೆತ್ತಬಾರದು."