ನಡುಹೊಳೆಯಲ್ಲಿ ನಿಂತವಳು

ಬಾಲಿ ದ್ವೀಪದ ಮೂಡಣ ಕರಾವಳಿಯ ನಮ್ಮೂರಿನಲ್ಲಿ ಅರ್ಜ ಎಂಬ ಹಾಡಿನಾಟದ ಮಂಡಳಿಯೊಂದಿದೆ. ಬಣ್ಣ ಹಚ್ಚಿ ಹಾಡುವವರು ಹದಿನಾಲ್ಕು ಮಂದಿ. ಅವರ ಬಾಯಿಗೆ ಹಾಡು ಕೊಡುವವಳು ಒಬ್ಬಳೇ, ಲುಹ್ ವಿರಾತಿ. ಹನ್ನೊಂದು ವರ್ಷಗಳಲ್ಲಿ ಹತ್ತೊಂಬತ್ತು ಆಟ ಬರೆದುಕೊಟ್ಟಿದ್ದಳು. ಅದರ ನಡುನಡುವೆ ಮದುವೆ ಮನೆಗೆ ಹಾಡು, ಶಾಲೆಗೆ ಪ್ರಾರ್ಥನೆ, ರೇಡಿಯೋಗೆ ಸಂಭಾಷಣೆ. ಯಾರು ಬಂದು ಕೇಳಿದರೂ ಇಲ್ಲವೆಂದವಳಲ್ಲ. ದೇವಿ ಸರಸ್ವತಿ ಕೊಟ್ಟದ್ದನ್ನು ಹಂಚುವುದಿಲ್ಲ ಎನ್ನಲು ತಾನು ಯಾರು ಎಂದು ಅವಳ ಎಣಿಕೆ.

ಇಪ್ಪತ್ತನೆಯ ಆಟದಲ್ಲಿ ಕೈ ನಿಂತಿತು. ರಾಜಕುಮಾರಿ ಸಾಂದತ್ ತಂದೆಯ ಅರಮನೆ ಬಿಟ್ಟು ಹೊಳೆಗೆ ಇಳಿಯುತ್ತಾಳೆ. ಆಚೆ ದಡದಲ್ಲಿ ಒಬ್ಬ ರಾಜಕುಮಾರ ಕಾದಿದ್ದಾನೆ. ನಡುಹೊಳೆಗೆ ಬಂದವಳು ಅಲ್ಲೇ ನಿಂತುಬಿಟ್ಟಳು. ಮೂರು ತಿಂಗಳಾಯಿತು. ವಿರಾತಿ ಅವಳನ್ನು ಆಚೆಗೆ ದಾಟಿಸಿ ನೋಡಿದಳು, ಈಚೆಗೆ ಕರೆತಂದು ನೋಡಿದಳು. ಏನು ಬರೆದರೂ ಹಿಂದೆ ತಾನೇ ಬರೆದದ್ದರ ಎಂಜಲಿನಂತೆ ಕಂಡು ಹಾಳೆ ಹರಿದಳು. ಕೊನೆಕೊನೆಗೆ ನೋಟುಬುಕ್ಕು ತೆರೆಯುವುದನ್ನೇ ಬಿಟ್ಟಳು. ದೇವಸ್ಥಾನದ ವಾರ್ಷಿಕ ಪೂಜೆಗೆ ಇಪ್ಪತ್ತೆರಡು ದಿನ ಉಳಿದಿತ್ತು. ಹೊಸ ಆಟ ಆಡುತ್ತೇವೆಂದು ಮಂಡಳಿ ದೇವರ ಮುಂದೆ ಹೇಳಿಕೊಂಡಾಗಿತ್ತು.

ಶುಕ್ರವಾರ ಸಂಜೆ ಅವಳು ಕೂತು ಒಂದು ಕಾಗದ ಬರೆದಳು. ಈ ಆಟ ನನ್ನಿಂದಾಗದು, ಇನ್ನು ಮುಂದೆ ಯಾವ ಆಟವೂ ಆಗದು, ಬೇರೆಯವರನ್ನು ನೋಡಿಕೊಳ್ಳಿ. ಮೂರು ತಿಂಗಳಲ್ಲಿ ತಡೆಯಿಲ್ಲದೆ ಬರೆದದ್ದು ಅದೊಂದೇ.

ಮರುದಿನ ಸೂರ್ಯ ಮೇಲೆ ಬರುವ ಹೊತ್ತಿಗೆ ಕಾಗದ ಹಿಡಿದು ಚಾವಡಿಗೆ ನಡೆದಳು. ಮಂಡಳಿಯ ಹಿರಿಯ ಗೆದೆ ರೆಂತಕ, ಮೂವತ್ತು ವರ್ಷ ಮೇಷ್ಟರಾಗಿದ್ದು ನಿವೃತ್ತರಾದವರು, ಚಾಪೆಯ ಮೇಲೆ ಏನನ್ನೋ ಜೋಡಿಸುತ್ತ ಕೂತಿದ್ದರು. ಊರಿಗೆಲ್ಲ ಅವರು ಪಾಕ್ ಗುರು.

“ಪಾಕ್ ಗುರು, ಇದನ್ನ ಸ್ವಲ್ಪ ಓದಿ.”

ಮುದುಕರು ಕಾಗದವನ್ನು ನೋಡಿದರು, ಅವಳ ಮುಖವನ್ನು ನೋಡಿದರು. “ಇವತ್ತಾ?”

“ಈಗ್ಲೇ. ನಾನಿಲ್ಲೇ ನಿಂತಿರ್ತೀನಿ.”

“ಏನಮ್ಮ ತಾಯಿ, ಹುಷಾರಾಗಿದೀಯಾ? ಇವತ್ತು ಯಾವ ದಿನ?”

“ಶನಿವಾರ.”

“ಯಾವ ಶನಿವಾರ?”

ಆಗ ಅವಳ ಕಣ್ಣಿಗೆ ಬಿತ್ತು. ಚಾಪೆಯ ಮೇಲಿದ್ದದ್ದು ಪುಸ್ತಕಗಳ ರಾಶಿ: ತಾಳೆಗರಿಯ ಹಳೆಯ ಕಟ್ಟುಗಳು, ಅವಳದೇ ಹತ್ತೊಂಬತ್ತು ಆಟಗಳು, ಮೇಲೆ ಬಿಳಿ ಬಟ್ಟೆ, ಹೂವು. ಇನ್ನೂರ ಹತ್ತು ದಿನಕ್ಕೊಮ್ಮೆ ಬರುವ ಸರಸ್ವತಿಯ ದಿನ. ಮರುದಿನ ಬೆಳಗಿನ ಸ್ನಾನದವರೆಗೆ ನಮ್ಮೂರಲ್ಲಿ ಯಾರೂ ಒಂದಕ್ಷರ ಓದುವುದಿಲ್ಲ, ಒಂದಕ್ಷರ ಬರೆಯುವುದಿಲ್ಲ.

“ಹಬ್ಬಾನೇ ಮರೆತ್ಯಲ್ಲ! ನನ್ನ ಮೊಮ್ಮಗನ್ನ ನೋಡು, ನಾಡಿದ್ದು ಪರೀಕ್ಷೆ, ಇವತ್ತು ಪುಸ್ತಕದ ಹತ್ರ ಸುಳೀತಿಲ್ಲ. ಅವನಿಗಿರೋ ದೈವಭಕ್ತಿ ನಿನಗಿಲ್ಲ.” ಅವರು ಕಾಗದವನ್ನು ಬಿಡಿಸದೆ ರಾಶಿಯ ಮೇಲಿಟ್ಟು, ಗಾಳಿಗೆ ಹಾರದಂತೆ ಹೂವಿನ ತಟ್ಟೆ ಹೇರಿದರು. “ನಾಳೆ ಸಮುದ್ರದಿಂದ ಬಂದು ಮೊದಲು ಓದೋದು ಇದನ್ನೇ. ಹೋಗು.”

ವಿರಾತಿ ತಲೆ ತಗ್ಗಿಸಿಕೊಂಡು ಮನೆಗೆ ಬಂದಳು. ಅಡುಗೆಮನೆಯಲ್ಲಿ ಅತ್ತೆ ಸಾದ್ರಿ ಅಕ್ಕಿಹಿಟ್ಟಿನಲ್ಲಿ ಹಲ್ಲಿಗಳನ್ನು ಮಾಡುತ್ತಿದ್ದಳು. ದೇವಿಗೆ ಈ ದಿನ ಹಲ್ಲಿಯ ಆಕಾರದ ತಿಂಡಿಯೇ ಆಗಬೇಕು.

“ಹಬ್ಬ ಅಂತ ಯಾಕೆ ಹೇಳ್ಲಿಲ್ಲ, ಮೇಮೆ?” ಅತ್ತೆಯನ್ನು ಅವಳು ಕರೆಯುವುದೇ ಹಾಗೆ, ಮೇಮೆ ಎಂದರೆ ಅಮ್ಮ.

“ನಿನ್ನೆಯಿಂದ ಅಕ್ಕಿ ನೆನೆಹಾಕಿಟ್ಟಿದ್ದನ್ನ ನೀನು ದಾಟ್ಕೊಂಡು ದಾಟ್ಕೊಂಡು ಓಡಾಡ್ತಿದ್ದೆ, ಯಾಕೆ ಅಂತ ಕೇಳಿದ್ಯಾ? ಬಾ, ಕೈ ತೊಳ್ಕೊಂಡು ಕೂತ್ಕೋ.”

ಮಾಡಲು ಬೇರೆ ಕೆಲಸವಿರಲಿಲ್ಲ. ಬರೆಯಲಾಗದೆ ಹೋದ ದಿನಗಳು ತೊಂಬತ್ತಾದರೂ, ಬರೆಯಬಾರದೆಂಬ ದಿನ ಇದೊಂದೇ. ಅವಳು ಹಿಟ್ಟು ತೆಗೆದುಕೊಂಡಳು.

“ಇದೇನೇ ಇದು, ಮೊಸಳೆನಾ?”

“ಹಲ್ಲಿ.”

“ದೇವಿ ಹೆದರ್ಕೊಂಡಾಳು. ಬಾಲ ಸಣ್ಣ ಮಾಡು.” ಇನ್ನೊಂದು ಹಲ್ಲಿಗೆ ಕಾಲು ಅಂಟಿಸುತ್ತ ಅತ್ತೆ ಕೇಳಿದಳು, “ಆ ಹುಡುಗಿ ಏನಾದ್ಳು? ಹೊಳೇಲಿ ನಿಂತಿದ್ಳಲ್ಲ.”

“ಅಲ್ಲೇ ಇದಾಳೆ.”

“ಇನ್ನೂನಾ? ಮೂರು ತಿಂಗಳಾಯ್ತಲ್ಲೇ, ಕಾಲು ಕೊಳೆತೇ ಹೋಗಿರುತ್ತೆ!”

ವಿರಾತಿಗೆ ನಗು ಬಂತು. ಎಷ್ಟು ದಿನವಾಗಿತ್ತೋ ನಕ್ಕು. “ಅವಳು ಯಾವ ದಡಕ್ಕೆ ಹೋಗ್ಬೇಕೋ ನನಗೆ ಗೊತ್ತಾಗ್ತಿಲ್ಲ, ಮೇಮೆ. ಹಿಂದೆ ಹೋದ್ರೆ ಅಪ್ಪ ಸೇರಿಸಲ್ಲ. ಮುಂದೆ ಹೋದ್ರೆ ಆ ಗಂಡಿನ ಮೇಲೆ ಅವಳಿಗೆ ನಂಬಿಕೆ ಇಲ್ಲ.”

“ಎಷ್ಟು ದೂರದಿಂದ ಬಂದಿದಾಳೆ?”

“ಮೂರು ದಿನದ ದಾರಿ. ಬರಿಗಾಲಲ್ಲಿ.”

“ಮೂರು ದಿನ ಧೂಳಲ್ಲಿ ನಡ್ದವಳು ನೀರು ಕಂಡ್ರೆ ಆ ದಡ ಈ ದಡ ಅಂತಾಳೇನೇ? ಮೊದಲು ಮುಳುಗಿ ಸ್ನಾನ ಮಾಡ್ತಾಳೆ.”

ಗೋಡೆಯ ಮೇಲೊಂದು ನಿಜವಾದ ಹಲ್ಲಿ ಲೊಚಗುಟ್ಟಿತು. “ಸರಸ್ವತಿ, ಸರಸ್ವತಿ” ಎಂದು ಇಬ್ಬರೂ ಒಟ್ಟಿಗೇ ಅಂದರು. ಹಲ್ಲಿ ನುಡಿದರೆ ಆಡಿದ ಮಾತು ಸತ್ಯವೆಂದು ನಮ್ಮಲ್ಲಿ ಎಳೆಮಕ್ಕಳಿಗೂ ಗೊತ್ತು. ಅದೇ ಗಳಿಗೆಗೆ ವಿರಾತಿಯ ಎದೆಯಲ್ಲಿ ಒಂದು ಸಾಲು ಎದ್ದು ನಿಂತಿತು. *ಹೊಳೆಯೇ, ನನ್ನನ್ನೆಲ್ಲಿಗೂ ಒಯ್ಯಬೇಡ, ಮೊದಲು ತೊಳೆ.*

ಪೆನ್ನಿಗೆಂದು ಅವಳು ಎದ್ದೇಬಿಟ್ಟಳು. ಅತ್ತೆ ಹಿಟ್ಟಿನ ಕೈಯಿಂದಲೇ ಮಣಿಕಟ್ಟು ಹಿಡಿದಳು.

“ಇವತ್ತು ಬೇಡ, ಲುಹ್.”

“ಮರೆತು ಹೋಗುತ್ತೆ, ಮೇಮೆ! ಮೂರು ತಿಂಗಳಾದ್ಮೇಲೆ ಬಂದಿದೆ.”

“ಹಾಡ್ಕೋ. ನನಗೆ ಓದು ಬರಹ ಬರುತ್ತಾ? ನಿನ್ನ ಗಂಡನಿಗೆ ಹಾಡಿದ ಲಾಲಿ ಹಾಡೆಲ್ಲ ಎಲ್ಲಿಟ್ಕೊಂಡಿದೀನಿ, ಪೆಟ್ಟಿಗೇಲಾ?”

ಹಾಗಾಗಿ ಅವಳು ಹಾಡಿಕೊಂಡಳು. ಪೂಜೆಗೆ ತಟ್ಟೆ ಜೋಡಿಸುವಾಗ ಹಾಡಿದಳು, ಹಂದಿಗೆ ಕೂಳು ಹಾಕುವಾಗ ಹಾಡಿದಳು. ಮಧ್ಯಾಹ್ನದ ಹೊತ್ತಿಗೆ ಸಾಲು ನಾಲ್ಕಾಗಿತ್ತು. ಎಲ್ಲಿ ಮಾತು ತಪ್ಪಿದರೂ ಅತ್ತೆ ಅಂಗಳದಿಂದಲೇ ಕೂಗಿ ತಿದ್ದುತ್ತಿದ್ದಳು. ಆದರೂ ಸಂಜೆಗೆ ಒಂದು ಸಾಲು ಹೊರಟುಹೋಯಿತು, ಅತ್ತೆಗೂ ನೆನಪಿಲ್ಲ. ಬೆಳಗಾಗುವುದರೊಳಗೆ ಉಳಿದದ್ದೂ ಹೋದರೆ ಆ ಕಾಗದವೇ ತನ್ನ ಕೊನೆಯ ಬರಹ ಎಂದುಕೊಳ್ಳುತ್ತ ವಿರಾತಿ ಮಲಗಿದಳು.

ಬೆಳಕು ಹರಿಯುವ ಮುಂಚೆಯೇ ಊರೆಲ್ಲ ಸಮುದ್ರಕ್ಕೆ ನಡೆಯಿತು. ದೇವಿಯ ದಿನದ ಮರುದಿನ ಮುಳುಗಿ ಏಳುವುದು ನಮ್ಮ ಪದ್ಧತಿ. ವಿರಾತಿ ಅತ್ತೆಯ ಕೈ ಹಿಡಿದು ಸೊಂಟದ ನೀರಿನವರೆಗೆ ಹೋದಳು. ಒಮ್ಮೆ ಮುಳುಗಿದಳು. ಕಿವಿಯೊಳಗೆ ನೀರಿನ ಸದ್ದು ಬಿಟ್ಟು ಬೇರೇನೂ ಇರಲಿಲ್ಲ, ಮಂಡಳಿಯಿಲ್ಲ, ಪೂಜೆಗೆ ಉಳಿದ ದಿನಗಳ ಲೆಕ್ಕವಿಲ್ಲ. ಎದ್ದಾಗ ಸೂರ್ಯನ ಅಂಚು ಕಂಡಿತು. ಈ ಮೂರು ತಿಂಗಳು ನೀರಲ್ಲಿ ನಿಂತಿದ್ದವಳು ತಾನೇ, ಒಮ್ಮೆಯೂ ಮುಳುಗದೆ ನಿಂತಿದ್ದೆ ಎಂದು ಹೊಳೆಯಿತು. ಕೈಮುಗಿದಳು. ಏನನ್ನೂ ಬೇಡಲಿಲ್ಲ. ಮೂರು ಸಾಲು ಇದ್ದಲ್ಲೇ ಇದ್ದವು. ಹೋದ ಸಾಲಿನ ಜಾಗದಲ್ಲಿ ಬೇರೊಂದು ಬಂದು ಕೂತಿತ್ತು.

ಒದ್ದೆ ಕೂದಲಲ್ಲೇ ಅವಳು ಚಾವಡಿಗೆ ಓಡಿದಳು. ಪಾಕ್ ಗುರು ಕನ್ನಡಕ ಏರಿಸಿ, ಕಾಗದದ ಮಡಿಕೆಗೆ ಕೈ ಹಾಕಿದ್ದರು.

“ಓದ್ಬೇಡಿ!”

“ನಿನ್ನೆ ಓದು ಅಂತ ಗಲಾಟೆ, ಇವತ್ತು ಓದ್ಬೇಡ ಅಂತ ಗಲಾಟೆ. ತಗೋ ಮಾರಾಯ್ತಿ. ಎದುರಿಗೆ ಹೇಳಕ್ಕಾಗದ್ದನ್ನ ತಾನೇ ಕಾಗದದಲ್ಲಿ ಬರೆಯೋದು, ಒಳಗೇನಿದೆ ಅಂತ ನನಗೆ ಗೊತ್ತಿಲ್ವಾ?”

ಅವಳು ಅವರ ಪೆನ್ನು ಕೇಳಿ ತೆಗೆದುಕೊಂಡಳು. ಕಾಗದದ ಬೆನ್ನಿಗೆ ಹೂವಿನ ಎಸಳೊಂದು ಅಂಟಿತ್ತು. ಅದನ್ನು ಬಿಡಿಸಿ, ಚಾಪೆಯ ಮೇಲೆ ಕೂತು, ಆ ಬೆನ್ನ ಮೇಲೆಯೇ ನಾಲ್ಕು ಸಾಲು ಬರೆದಳು.

ಪಾಕ್ ಗುರು ಮೆಲ್ಲಗೆ ಹಾಡಿಕೊಂಡು ನೋಡಿದರು. ಇನ್ನೊಮ್ಮೆ ಹಾಡಿದರು. “ಮುಂದೆ?”

“ಅವಳು ಇನ್ನೂ ನೀರಲ್ಲಿದಾಳೆ. ಕೂದಲು ಒಣಗೋವರೆಗೂ ಕೇಳ್ಬೇಡಿ.”

“ದೇವಸ್ಥಾನದ ಪೂಜೆಗೆ ಆಗುತ್ತಾ?”

“ಆಗುತ್ತೆ ಅನ್ಸುತ್ತೆ. ಆದ್ರೆ ಇದಾದ್ಮೇಲೆ ಮುಂದಿನ ಸರಸ್ವತಿ ಹಬ್ಬದವರೆಗೂ ನಾನು ಏನೂ ಬರೆಯಲ್ಲ, ಪಾಕ್ ಗುರು. ಮದುವೆ ಹಾಡೂ ಇಲ್ಲ.”

ಮುದುಕರು ಕನ್ನಡಕ ತೆಗೆದು ಒರೆಸಿದರು. “ರೇಡಿಯೋದವರು ಕೇಳಿದ್ರೆ ಏನನ್ಲಿ?”

“ಸ್ನಾನಕ್ಕೆ ಹೋಗಿದಾಳೆ ಅನ್ನಿ.”