ಇಪ್ಪತ್ತು ಕ್ಯಾನು ನೀರು

"ಏ ರಂಡೆ, ದೂರ ಸರೀ! ನಿನ್ನ ನೆಳ್ಳ ಮಶೀನ ಮ್ಯಾಗ ಬೀಳಲಕತ್ತದ!"

ವೈಜನಾಥ ಸಾವಕಾರರು ನನ್ನನ್ನು ಬೈದದ್ದು ಅದೇ ಮೊದಲಲ್ಲ. ಗಡಿಯ ಊರು ಉಮರ್ಗಾದ ಹೆದ್ದಾರಿ ಪಕ್ಕದ ಅವರ ಬಣ್ಣದ ಕಾರ್ಖಾನೆಯಲ್ಲಿ ಒಂಬತ್ತು ವರ್ಷದಿಂದ ನೂಲು ಅದ್ದುವ ತೊಟ್ಟಿ ತಿಕ್ಕುತ್ತಿದ್ದೆ. ನನ್ನ ಹೆಸರು ಚಂಪಾಬಾಯಿ ಎಂಬುದು ಅವರಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಅನುಮಾನ. ಆದರೆ ನೆರಳಿಗೂ ಮೈಲಿಗೆಯಾಗುವ ಮಶೀನನ್ನು ಆವತ್ತೇ ಕಂಡದ್ದು.

ಆವತ್ತು ಸರಕಾರಿ ತಪಾಸಣೆ ಇತ್ತು; ಮಶೀನಿಗೆ ಚೆಂಡುಹೂವಿನ ಹಾರ ಹಾಕಿದ್ದರು. ಅದು ಧ್ವನಿಯಿಂದ ನೀರಿನ ಬಣ್ಣ ತೆಗೆಯುತ್ತದಂತೆ. ಆ ಧ್ವನಿ ಮನುಷ್ಯರ ಕಿವಿಗೆ ಕೇಳುವುದಿಲ್ಲವಂತೆ. ಪುಣೆಯ ಇಂಜಿನಿಯರ್ ಬಂದು ಎಂಟು ದಿನ ಓಡಿಸಿ ತೋರಿಸಿದ್ದ. ನೀರಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಎದ್ದು ಒಡೆಯುತ್ತಿದ್ದವು, ಒಡೆದಂತೆಲ್ಲ ಬಣ್ಣ ತಿಳಿಯಾಗುತ್ತಿತ್ತು. ಸುಳ್ಳು ಹೇಳಬಾರದು, ಅದು ನಿಜವಾದ ವಿದ್ಯೆ. ಆದರೆ ಒಂದು ಹಂಡೆ ನೀರಿಗೆ ಎರಡು ತಾಸು ಬೇಕು. ಕಾರ್ಖಾನೆ ಹೊರಗೆ ಬಿಡುವುದು ದಿನಕ್ಕೆ ಹತ್ತು ಟ್ಯಾಂಕರಿನಷ್ಟು. ಸಾವಕಾರರು ಕರೆಂಟಿನ ಬಿಲ್ಲು ನೋಡಿದ ದಿನವೇ ಗುಂಡಿ ಒತ್ತಿ ಆರಿಸಿದರು. ಆಮೇಲೆ ಯಾರು ಕೇಳಿದರೂ ಒಂದೇ ಮಾತು.

"ಚಾಲೂ ಅದರೀ. ಧ್ವನಿ ನಮಗ ಕೇಳಂಗಿಲ್ಲ, ಅಷ್ಟೇ."

ನನಗೆ ತಡೆಯಲಾಗಲಿಲ್ಲ. "ಹಂಗಾರ ನಮ್ಮ ಕೇರಿ ಮಂದಿ ಧ್ವನಿನೂ ಅಂಥಾದೇ ಇರಬೇಕ್ರೀ ಸಾವಕಾರ. ಮೂರು ವರ್ಷ ಆತು, ಬಾವಿ ಬಾವಿ ಅಂತ ಒದರಲಕತ್ತೀವಿ."

"ಬಾಯಿ ಮುಚ್ಚ, ಭೋಸಡಿ!"

ಹಿಂದಿನ ದೊಡ್ಡ ಭೂಕಂಪದಲ್ಲಿ ನಮ್ಮ ಕೇರಿಯ ಹದಿನೆಂಟು ಮನೆ ಕುಸಿದಿದ್ದವು. ಬಾವಿಯ ಒಂದು ಕಲ್ಲೂ ಕದಲಿರಲಿಲ್ಲ. ಸತ್ತವರ ಮೈ ತೊಳೆದದ್ದು, ಬದುಕಿದವರು ಕುಡಿದದ್ದು ಅದೇ ನೀರು. ಭೂಮಿ ಉಳಿಸಿದ ಬಾವಿಯನ್ನು ಸಾವಕಾರರು ಉಳಿಸಲಿಲ್ಲ. ಮೂರು ವರ್ಷದ ಹಿಂದೆ ಕಾರ್ಖಾನೆಯ ಹೊಲಸು ನೀರಿನ ಕಾಲುವೆ ಅದರ ಪಕ್ಕಕ್ಕೇ ಬಂತು. ಕೊಡ ಇಳಿಸಿದರೆ ಕೆಂಪು ನೀರು. ತಪಾಸಣೆಗೆ ಬರುವ ಸಾಹೇಬರು ಆವತ್ತು 'ನೀರು ಶುದ್ಧ' ಎಂದು ಸಹಿ ಹಾಕಿದರೆ ಐದು ವರ್ಷ ಮತ್ತೆ ಯಾರೂ ಕೇಳುವಂತಿರಲಿಲ್ಲ. ಬಾವಿ ಸತ್ತಂತೆಯೇ.

ಸಾವಕಾರರು ನನ್ನನ್ನೂ ಅಲ್ಲೇ ದುಡಿಯುವ ನನ್ನ ಗಂಡ ಕಾಶೆಪ್ಪನನ್ನೂ ಮಶೀನಿನ ಹಿಂದಕ್ಕೆ ಕರೆದರು. ಅಲ್ಲಿ ಅಂಗಡಿಯಿಂದ ತರಿಸಿದ ಇಪ್ಪತ್ತು ಕ್ಯಾನು ಕುಡಿಯುವ ನೀರು ಸಾಲಾಗಿ ನಿಂತಿತ್ತು.

"ಇವೆಲ್ಲಾ ಈ ಕರೀ ಟಾಕ್ಯಾಗ ಸುರೀರಿ. ನಲ್ಲಿ ತಿರುವಿದ್ರ ಇದೇ ನೀರ ಬರಬೇಕು. ಅಪ್ಪಾವ್ರ ಪಾದಪೂಜಾ ಇದ್ರಾಗೇ ಅದ. ಯಾರ ಮುಂದಾರ ಬಾಯಿ ಬಿಟ್ರಿ ಅಂದ್ರ ನಾಲಿಗಿ ಕೀಳ್ತೀನಿ. ಹೂಂ, ಈ ಹಾತಮೋಜಾ ಹಾಕ್ಕೋರಿ. ನೀರ ಮುಟ್ಟಗಿಟ್ಟೀರಿ!"

ಹೊಚ್ಚ ಹೊಸ ರಬ್ಬರ್ ಕೈಗವಸು. ಒಂಬತ್ತು ವರ್ಷ ಬಿಸಿ ಬಣ್ಣದಲ್ಲಿ ಕೈ ಅದ್ದಿ ಚರ್ಮ ಸುಲಿದಾಗ ಸಿಗದ ಕೈಗವಸು, ನಮ್ಮ ಕೈಯಿಂದ ನೀರನ್ನು ಕಾಪಾಡುವುದಕ್ಕೆ ಸಿಕ್ಕಿತು. ಕಾಶೆಪ್ಪ ತನ್ನ ಕೆಂಪು ಅಂಗೈಗಳನ್ನು ನೋಡಿಕೊಳ್ಳುತ್ತ ನಿಂತಿದ್ದ.

"ಏನ ಮಾಡೂಣು?" ಎಂದು ಕಾಶೆಪ್ಪ ಕೇಳಿದ.

"ಟಾಕಿ ತುಂಬು ಅಂದಾರ, ತುಂಬೂಣು. ಯಾವ ನೀರ ಅಂಬೋದು ನಾವ ನೋಡ್ಕೊಳೂಣು."

ಎಲ್ಲರೂ ಮುಂದಿನ ಗೇಟಿನಲ್ಲಿ ಬಾಜಾದವರ ಸುತ್ತ ಇದ್ದರು. ಕ್ಯಾನುಗಳು ಹಿಂದಿನ ಬೇಲಿ ದಾಟಿ ಕೇರಿಗೆ ಹೋದವು. ಹೆಂಗಸರು ಮನೆಮನೆಯ ಕೊಡಗಳಿಗೆ ಸುರಿದುಕೊಂಡು, ಖಾಲಿ ಕ್ಯಾನುಗಳಿಗೆ ಬಾವಿಯ ನೀರು ತುಂಬಿ ಕೊಟ್ಟರು. ಕಾಶೆಪ್ಪ ಏಣಿ ಹತ್ತಿ ಒಂದೊಂದನ್ನೇ ಟಾಕಿಗೆ ಸುರಿದ. ಕೈಗವಸು ಹಾಕಲಿಲ್ಲ.

ಅಪ್ಪಾವ್ರು, ಅಂದರೆ ಮಠದ ರೇವಣಸಿದ್ಧ ಸ್ವಾಮಿಗಳು, ಬಂದು ಕುರ್ಚಿಯಲ್ಲಿ ಕೂತರು. ಪಕ್ಕದಲ್ಲಿ ಸಾಹೇಬರು, ತೊಡೆಯ ಮೇಲೆ ಕಾಗದ, ಪೆನ್ನಿನ ಮುಚ್ಚಳ ಆಗಲೇ ತೆಗೆದಿತ್ತು. ಸಾವಕಾರರು ಮೈಕು ಹಿಡಿದರು.

"ನಮ್ಮ ಮಶೀನಿನ ನೀರ ಎಷ್ಟ ಶುದ್ಧ ಅದ ಅಂದ್ರ, ಅಪ್ಪಾವ್ರ ಪಾದ ಇದ್ರಾಗೇ ತೊಳೀತೀನಿ. ಆ ಪಾದೋದಕ ಎಲ್ಲಾರ ಮುಂದ ಮೊದಲ ನಾನೇ ಕುಡೀತೀನಿ!"

ಚಪ್ಪಾಳೆ ಬಿತ್ತು. ಸಾಹೇಬರು ಮರಾಠಿಯಲ್ಲಿ "ಛಾನ್, ಛಾನ್" ಎಂದು ಮೆಚ್ಚಿ ತಲೆಯಾಡಿಸಿದರು. ಸಾವಕಾರರ ಹೆಂಡತಿ ಶಕುಂತಲಾಬಾಯಿ ನಲ್ಲಿಯ ಪೈಪನ್ನು ತಾಮ್ರದ ಕೊಡದೊಳಗೆ ಇಳಿಸಿ ತುಂಬಿಕೊಟ್ಟರು. ಕೊಡದೊಳಗಿನ ಬಣ್ಣ ಯಾರಿಗೂ ಕಾಣಲಿಲ್ಲ. ಸಾವಕಾರರು ಭಕ್ತಿಯಿಂದ ಕಣ್ಣು ಮುಚ್ಚಿ, ಮಂತ್ರ ಹೇಳುತ್ತ ಸುರಿದೇ ಸುರಿದರು. ಪಾದದ ಕೆಳಗಿನ ಬೆಳ್ಳಿ ತಟ್ಟೆ ತುಂಬಿತು.

ಬಾಜಾ ನಿಂತಿತು. ಸಾವಕಾರರು ಕಣ್ಣು ತೆರೆದರೆ ಸ್ವಾಮಿಗಳ ಪಾದ ಮದುಮಗಳ ಪಾದದಷ್ಟು ಕೆಂಪು.

"ಹೇ ಪಾಣೀ ಕುಠಲಂ?" ಎಲ್ಲಿಯ ನೀರೆಂದು ಸಾಹೇಬರು ಎದ್ದುನಿಂತು ಕೇಳಿದರು.

"ನಮ್ಮ ಕೇರಿ ಬಾವೀದ್ರೀ ಸಾಹೇಬ." ನಾನು ಮುಂದೆ ಬಂದೆ. "ಸಾವಕಾರ್ರು ಟಾಕ್ಯಾಗ ಹಾಕ್ರಿ ಅಂತ ಕೊಟ್ಟ ಕ್ಯಾನಿನ ನೀರ ನಮ್ಮ ಕೂಸುಗೋಳು ಕುಡದಾವ."

ಸ್ವಾಮಿಗಳು ಪಾದ ಮೇಲಕ್ಕೆಳೆದುಕೊಂಡರು. ಬಣ್ಣಕ್ಕೆ ಹೆದರಿದರೋ, ಕೇರಿಗೆ ಹೆದರಿದರೋ. ನೀರು ಕೆಂಪಾದಾಗ ಅಲ್ಲ, 'ಕೇರಿ' ಅಂದಾಗ ಎಳೆದುಕೊಂಡರೆಂದು ಕಾಶೆಪ್ಪ ಇವತ್ತಿಗೂ ಆಣೆ ಮಾಡುತ್ತಾನೆ. ಸಾಹೇಬರು ಪೆನ್ನಿನ ಮುಚ್ಚಳ ಹುಡುಕತೊಡಗಿದರು.

"ಹಲಕಟ್ ರಂಡೆ!" ಎಂದು ಸಾವಕಾರರು ಕೂಗಿದರು. ಮೈಕು ಕೈಯಲ್ಲೇ ಇತ್ತು; ಬೈಗುಳ ಹೆದ್ದಾರಿಯವರೆಗೂ ಕೇಳಿತು.

ನಾನು ಬೆಳ್ಳಿ ತಟ್ಟೆಯನ್ನು ಬರಿಗೈಯಿಂದ ಎತ್ತಿ ಅವರ ಮುಂದೆ ಹಿಡಿದೆ. ನನ್ನ ನೆರಳು ಮಶೀನಿನ ಮೇಲೂ ಅವರ ಬಿಳಿ ಧೋತರದ ಮೇಲೂ ಬಿದ್ದಿತ್ತು.

"ತಗೋರಿ ಸಾವಕಾರ. ಮೊದಲ ನೀವೇ ಅಂದಿದ್ರಿ."